ಕತ್ತಲೆಗೂ ಒಂದು ಕೋಣೆಯಿರಲಿ

ಮಲೆನಾಡಿನ ಹೋಂಸ್ಟೇಗಳ ಯಜಮಾನರಿಗೆ ಒಂದು ಬಹಿರಂಗ ಪತ್ರ



ಸಾಗರ, ಹೊಸನಗರ, ತೀರ್ಥಹಳ್ಳಿಗಳಿಂದ ಹಿಡಿದು ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರಗಳವರೆಗೆ, ಅಡಿಕೆ ತೋಟದ ಅಂಚಿನಲ್ಲಿಯೋ ಕಾಫಿ ತೋಟದ ನಡುವಿನಲ್ಲಿಯೋ ಇರುವ ಹಿರಿಯರ ಮನೆಗೆ ಹೊಸ ಹೆಂಚು ಹೊದಿಸಿ, ಅಡಿಕೆ ಒಣಗಿಸುತ್ತಿದ್ದ ಅಟ್ಟವನ್ನು ಮಲಗುವ ಕೋಣೆಯಾಗಿ ಮಾರ್ಪಡಿಸಿ, ಪಟ್ಟಣದ ಜನಕ್ಕೆ ಊಟವನ್ನೂ ನಿದ್ರೆಯನ್ನೂ ಒದಗಿಸುತ್ತಿರುವ ನಿಮ್ಮಲ್ಲಿ ಬಹುಮಂದಿಯ ಪರಿಚಯ ನನಗಿಲ್ಲ. ಕೆಲವರ ಮನೆಯ ಕೊಟ್ಟೆಕಡುಬನ್ನೂ ಅಪ್ಪೆಹುಳಿಯನ್ನೂ ಉಂಡಿದ್ದೇನೆ. ಆ ಋಣ ನನ್ನ ಮೇಲಿದೆ. ಋಣವಿದ್ದವನು ಸಾಮಾನ್ಯವಾಗಿ ಬುದ್ಧಿ ಹೇಳಲು ಹೊರಡತಕ್ಕದ್ದಲ್ಲ. ಆದರೂ ಮಳೆಗಾಲ ಹತ್ತಿರ ಬರುತ್ತಿರುವುದರಿಂದಲೂ, ಹೇಳಬೇಕಾದ ಮಾತು ನಿಮ್ಮ ಹಿತ್ತಿಲಲ್ಲಿ ತಗಡಿನ ಸೂರಿನ ಕೆಳಗೆ ನಿಂತಿರುವ ಒಂದು ಯಂತ್ರಕ್ಕೆ ಸಂಬಂಧಿಸಿದುದರಿಂದಲೂ, ಆ ಯಂತ್ರ ಈಗ ಹೆಚ್ಚು ಕಡಮೆ ಪ್ರತಿಯೊಬ್ಬರ ಮನೆಯಲ್ಲಿಯೂ ಇದ್ದು ಬಿಡಿಬಿಡಿಯಾಗಿ ಬರೆಯತೊಡಗಿದರೆ ಮುಗಿಯುವಂತಿಲ್ಲವಾದುದರಿಂದಲೂ, ಎಲ್ಲರನ್ನೂ ಒಟ್ಟಾಗಿ ಸಂಬೋಧಿಸುವ ಈ ಸಾಹಸಕ್ಕೆ ಕೈಯಿಟ್ಟಿದ್ದೇನೆ. ಆ ಯಂತ್ರ ಜನರೇಟರು.

ಕಳೆದ ಬೇಸಗೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ನಿಮ್ಮಲ್ಲೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೂಡಣದಿಂದ ಗಾಳಿಯೆದ್ದು, ಗುಡುಗು ಮೊದಲಾಗಿ, ದೀಪ ಆರಿತು. ಆರಿತೆನ್ನುವುದಕ್ಕೂ ಅವಕಾಶವಾಗಲಿಲ್ಲ, ಹಿತ್ತಿಲಲ್ಲಿ ಏನೋ ಕೆಮ್ಮಿ, ಗುರುಗುಟ್ಟಿ, ಒಂದು ಸ್ಥಿರವಾದ ಶ್ರುತಿಯನ್ನು ಹಿಡಿದುಕೊಂಡಿತು, ದೀಪಗಳು ಮರಳಿ ಹೊತ್ತಿಕೊಂಡವು. ಮಕ್ಕಳು ಕೈಯಲ್ಲಿದ್ದ ಮೊಬೈಲಿನಿಂದ ತಲೆಯೆತ್ತಲಿಲ್ಲ. ಮನೆಯ ಯಜಮಾನರು ಅನ್ನ ಬಡಿಸುತ್ತ, ವಿನಯ ಹೆಮ್ಮೆಗಳೆರಡೂ ಬೆರೆತ ದನಿಯಲ್ಲಿ, “ನಮ್ಮಲ್ಲಿ ಕರೆಂಟಿನ ತೊಂದರೆಯೇ ಇಲ್ಲ” ಎಂದರು. ಅವರ ಮಾತು ಸತ್ಯ. ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇರಲಿಲ್ಲ. ಆದರೆ ಇದೇ ಸಾಗರ ಸೀಮೆಯಲ್ಲಿ, ನನ್ನ ಬಾಲ್ಯದ ಒಂದು ಬೇಸಗೆಯ ರಜೆಯಲ್ಲಿ, ಕರೆಂಟಿನ ತೊಂದರೆ ಪರಿಪೂರ್ಣವಾಗಿ, ಧಾರಾಳವಾಗಿ, ವಾರಕ್ಕೂ ಮಿಗಿಲಾಗಿ ಇತ್ತೆಂಬುದೂ, ಇತರ ರಜೆಗಳೆಲ್ಲ ಒಂದರೊಳಗೊಂದು ಕಲೆಸಿಹೋಗಿರುವಾಗ ಆ ಒಂದು ರಜೆ ಮಾತ್ರ ಸ್ಮೃತಿಯಲ್ಲಿ ಅಖಂಡವಾಗಿ ಉಳಿದಿದೆಯೆಂಬುದೂ ಅಷ್ಟೇ ಸತ್ಯವಾಗಿದ್ದು, ಅದನ್ನು ಆಗ ಅವರಿಗೆ ಹೇಳಲು ಜನರೇಟರಿನ ಸದ್ದು ಬಿಡಲಿಲ್ಲ. ಈಗ ನಿಮಗೆಲ್ಲರಿಗೂ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮ ತಂದೆಯವರು ಬೆಂಗಳೂರಿನಲ್ಲಿ ಗುಮಾಸ್ತೆಯಾಗಿದ್ದರು. ಶಾಲೆಯ ಪರೀಕ್ಷೆ ಮುಗಿದು ಫಲಿತಾಂಶದ ಹಾಳೆಯನ್ನು ಗೋಡೆಗೆ ಅಂಟಿಸಿದ ಮರುದಿನವೇ, ತಾಯಿಯವರು ಟ್ರಂಕು, ಹಾಸಿಗೆಯ ಸುರುಳಿ, ನೀರಿನ ಕೂಜ, ಬುತ್ತಿಯ ಡಬ್ಬಿ, ಇವುಗಳೊಡನೆ ನಮ್ಮನ್ನೂ ಎಣಿಸಿಕೊಂಡು, ಬೀರೂರಿನ ಮೇಲೆ ಶಿವಮೊಗ್ಗೆಗೆ ಹೋಗಿ ಅಲ್ಲಿಂದ ಆನಂದಪುರ, ಸಾಗರಗಳ ಕಾಡುಗಳಲ್ಲಿ ನುಸುಳುತ್ತ ತಾಳಗುಪ್ಪದಲ್ಲಿ ಇನ್ನು ಮುಂದೆ ಹಳಿಯಿಲ್ಲವೆಂದು ನಿಂತುಬಿಡುತ್ತಿದ್ದ ಮೀಟರ್‌ಗೇಜಿನ ರೈಲುದಾರಿಯನ್ನು ಹಿಡಿಯುತ್ತಿದ್ದರು. ಅಲ್ಲಿಂದ ಮುಂದೆ ಎತ್ತಿನ ಗಾಡಿ. ಅಜ್ಜನ ಮನೆ ಅಡಿಕೆ ತೋಟದ ಮೇಲುಗಡೆ, ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಬೆಟ್ಟದ ಅಬ್ಬಿಯ ನೀರು ಅಡಿಕೆಯ ದಬ್ಬೆಗಳ ಮೂಲಕ ಹರಿದು ಬಂದು ಬಚ್ಚಲಿನ ಕಲ್ಲುಮರಿಗೆಗೆ ಹಗಲಿರುಳೂ ಬೀಳುತ್ತಿತ್ತು.

ಆ ಮನೆಗೆ ವಿದ್ಯುತ್ತು ಬಂದು ಬಹಳ ಕಾಲವಾಗಿರಲಿಲ್ಲ. ಜಗಲಿಗೊಂದು, ನಡುಮನೆಗೊಂದು, ಅಡಿಗೆಮನೆಗೊಂದು, ಕೊಟ್ಟಿಗೆಗೊಂದು ಬಲ್ಬು; ದೇವರ ಕೋಣೆಗೆ ಮಾತ್ರ ಅಜ್ಜಿ ತಂತಿಯನ್ನು ಒಳಗೆ ಬಿಟ್ಟಿರಲಿಲ್ಲ. ಅಜ್ಜನಿಗೆ ಕರೆಂಟಿನ ವಿಷಯದಲ್ಲಿ ಗೌರವವಿತ್ತು, ವಿಶ್ವಾಸವಿರಲಿಲ್ಲ. ಆದುದರಿಂದಲೇ ಬಲ್ಬುಗಳು ಬಂದ ಮೇಲೂ ಲಾಟೀನುಗಳು ಮೊಳೆಯಿಂದ ಇಳಿಯಲಿಲ್ಲ. ದಿನವೂ ಸಂಜೆ, ಉರಿಸಲಿ ಬಿಡಲಿ, ಅವುಗಳ ಗಾಜನ್ನು ಒಲೆಯ ಬೂದಿಯಿಂದ ಉಜ್ಜಿ, ಹಳೆಯ ಪಂಚೆಯ ತುಂಡಿನಿಂದ ಒರೆಸಿ, ಬತ್ತಿಯ ಕರಿಕಲನ್ನು ಕತ್ತರಿಸಿ, ಎಣ್ಣೆ ತುಂಬಿ ಮರಳಿ ಮೊಳೆಗೆ ತಗುಲಿಸುವ ಕೆಲಸ ಮನೆಯ ಮಕ್ಕಳಲ್ಲಿ ಹಿರಿಯವರ ಪಾಲಿಗೆ ಬರುತ್ತಿತ್ತು. ಬೆಂಗಳೂರಿನಿಂದ ಬಂದ ನಮಗೆ ಇದು ಅರ್ಥವಿಲ್ಲದ ಆಚಾರವೆನಿಸುತ್ತಿತ್ತು. ಸ್ವಿಚ್ಚು ಒತ್ತಿದರೆ ದೀಪ ಹೊತ್ತುವ ಮನೆಯಲ್ಲಿ ಗಾಜು ಉಜ್ಜುವುದೇಕೆ?

ಕೃತ್ತಿಕಾ ಮಳೆ ಅದಕ್ಕೆ ಉತ್ತರ ಕೊಟ್ಟಿತು. ಮಧ್ಯಾಹ್ನವೆಲ್ಲ ಎಲೆ ಅಲುಗದ ಸೆಕೆ. ಅಂಗಳದಲ್ಲಿ ಹಲಸಿನ ಹಪ್ಪಳ ಚಾಪೆಯ ಮೇಲೆ ಒಣಗುತ್ತಿದ್ದುವು. ನಾಲ್ಕು ಗಂಟೆಯ ಸುಮಾರಿಗೆ ಮೂಡಣ ದಿಕ್ಕು ಕಪ್ಪಾಗಿ, ಹಪ್ಪಳಗಳನ್ನು ಬಾಚಿಕೊಂಡು ಒಳಗೆ ಓಡುವುದರೊಳಗಾಗಿ ಗಾಳಿ ಬಂದೇಬಿಟ್ಟಿತು. ಆಲಿಕಲ್ಲು ಹೆಂಚಿನ ಮೇಲೆ ಬಿದ್ದ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ, ಕತ್ತಲಾಯಿತೆಂದು ಯಾರೋ ಸ್ವಿಚ್ಚು ಒತ್ತಿದರು. ಬಲ್ಬು ಹೊತ್ತಿತು. ಅಷ್ಟರಲ್ಲಿ ಗುಡ್ಡದ ಕಡೆ ದೊಡ್ಡ ಮರವೊಂದು ಮುರಿದು, ತನ್ನ ಪಕ್ಕದ ಮರಗಳ ಕೊಂಬೆಗಳನ್ನೆಲ್ಲ ತರಿದುಕೊಂಡು ಬೀಳುವ ದೀರ್ಘವಾದ ಶಬ್ದ ಕೇಳಿಸಿತು; ಬಲ್ಬಿನೊಳಗಿನ ತಂತಿ ಬೆಳ್ಳಗಿದ್ದುದು ಕೆಂಪಾಯಿತು, ಕೆಂಪಗಿದ್ದುದು ಕಪ್ಪಾಯಿತು. ಅಜ್ಜ ಜಗಲಿಯ ಮೂಲೆಯಿಂದ, ತಾವು ಇಷ್ಟು ದಿನ ನಿರೀಕ್ಷಿಸುತ್ತಿದ್ದ ಅತಿಥಿ ಬಂದರೆಂಬಷ್ಟು ನಿರ್ವಿಕಾರವಾಗಿ, “ಹೋತು. ಇನ್ನು ಹುಣ್ಣಿಮೆ ಕಳೆದ ಮೇಲೆ” ಎಂದರು. ಅವರ ಲೆಕ್ಕ ಹೆಚ್ಚು ತಪ್ಪಲಿಲ್ಲ.

ಮೊದಲ ರಾತ್ರಿ ನಮಗೆ ಭಯವಾಯಿತೆಂದು ಬರೆದರೆ ಸುಳ್ಳಾಗುತ್ತದೆ, ನಮಗಾದದ್ದು ಬೇಸರ. ಆದರೆ ಲಾಟೀನು ಹಚ್ಚಿದ ಕೂಡಲೇ ಮಳೆಗೆ ರೆಕ್ಕೆ ಬಂದ ಗೆದ್ದಲುಗಳು ಸಾವಿರಗಟ್ಟಲೆಯಾಗಿ ಒಳಗೆ ನುಗ್ಗಿದವು, ಮತ್ತು ಅವು ಬೇಸರಕ್ಕೆ ಎಡೆಗೊಡಲಿಲ್ಲ. ಅಗಲವಾದ ಹರಿವಾಣದಲ್ಲಿ ನೀರು ತುಂಬಿ ಅದರ ನಡುವೆ ಲಾಟೀನನ್ನಿಟ್ಟರು. ನೀರಿನಲ್ಲಿ ಕಂಡ ದೀಪಕ್ಕೆ ಮೋಸಹೋಗಿ ಅವು ಅದರೊಳಗೆ ಬಿದ್ದು ರೆಕ್ಕೆ ಕಳಚಿಕೊಳ್ಳುತ್ತಿರಲು, ನಾವು ಎಣಿಸತೊಡಗಿ ಎಣಿಕೆ ತಪ್ಪಿಸಿಕೊಂಡೆವು. ಮರುದಿನ ಬೆಳಿಗ್ಗೆ ಜಗಲಿಯನ್ನು ಗುಡಿಸಿದಾಗ ರೆಕ್ಕೆಗಳೇ ಒಂದು ಮೊರದಷ್ಟಾದವು.

ಲಾಟೀನುಗಳ ರಾಜ್ಯದಲ್ಲಿ ಒಂದು ಶಾಸನವುಂಟು. ಬಲ್ಬಿನ ಬೆಳಕು ಕೇಳಿದವರಿಗೂ ಕೇಳದವರಿಗೂ ಸಮವಾಗಿ ಬೀಳುತ್ತದೆ. ಲಾಟೀನಿನದು ಹಂಚಿಕೆಯ ಬೆಳಕು. ದೊಡ್ಡದು ಅಡಿಗೆಮನೆಗೆ, ಅದರ ಮೇಲೆ ಯಾರ ವಾದವೂ ನಡೆಯದು. ಎರಡನೆಯದು ಜಗಲಿಯಲ್ಲಿ ಅಜ್ಜನ ಬಳಿ. ಚಿಮಣಿಬುಡ್ಡಿ ಬಚ್ಚಲಿಗೆ. ಬೇರೆಲ್ಲಿಗೆ ಹೋಗಬೇಕಾದರೂ ಕತ್ತಲೆಯಲ್ಲಿ ಗೋಡೆ ಸವರಿಕೊಂಡು ಹೋಗತಕ್ಕದ್ದು, ಅಥವಾ ಬೆಳಕಿರುವವರ ಹಿಂದೆ ಹೋಗತಕ್ಕದ್ದು. ಹೀಗಾಗಿ ಸಂಜೆಯಾದ ಮೇಲೆ ಮನೆಯಲ್ಲಿದ್ದ ಹತ್ತು ಹದಿನೈದು ಮಂದಿ ಎರಡೇ ಗುಂಪಾಗಿ ಕೂಡುತ್ತಿದ್ದರು; ಮಕ್ಕಳಾದ ನಾವು ಎಲ್ಲಿ ಕಥೆಯೋ ಎಲ್ಲಿ ಹುರಿಗಡಲೆಯೋ ಅಲ್ಲಿಗೆ ಪಕ್ಷಾಂತರ ಮಾಡುತ್ತಿದ್ದೆವು. ಕತ್ತಲೆ ಕುಟುಂಬವನ್ನು ಒಂದುಗೂಡಿಸುತ್ತದೆಂದು ಹೇಳುವುದು ಈಗ ವಾಡಿಕೆಯಾಗಿದೆ. ನಾನು ಅಷ್ಟು ದೂರ ಹೋಗಲಾರೆ: ಅದೇ ಜಗಲಿಯಲ್ಲಿ, ಅದೇ ಲಾಟೀನಿನ ಸುತ್ತ, ತೋಟದ ಪಾಲಿನ ವಿಷಯವಾಗಿ ನನ್ನ ಸೋದರಮಾವಂದಿರಿಬ್ಬರೂ ಎದ್ದುಹೋಗಲು ದಾರಿಗಾಣದೆ, ಬಲ್ಬಿದ್ದಿದ್ದರೆ ಅರ್ಧಗಂಟೆಗೆ ಮುಗಿಯಬಹುದಾಗಿದ್ದ ಜಗಳವನ್ನು ಮಲಗುವವರೆಗೂ ನಡೆಸಿದ್ದುಂಟು.

ಆ ದಿನಗಳಲ್ಲೊಂದು ಸಂಜೆ ಪೆಟ್ರೋಮ್ಯಾಕ್ಸನ್ನು ಅಟ್ಟದಿಂದ ಇಳಿಸಿದರು. ಮದುವೆ, ಉಪನಯನ, ತಾಳಮದ್ದಳೆಗಳ ಹೊರತು ಅದು ಇಳಿಯುತ್ತಿರಲಿಲ್ಲ. ನಮ್ಮ ಪೀಡನೆಯೋ, ನೆರೆಮನೆಯವರು ತಾಳಮದ್ದಳೆಗೆ ಬರುವೆವೆಂದು ಹೇಳಿಕಳಿಸಿದ್ದೋ, ಯಾವುದು ಕಾರಣವೆಂದು ನಿಷ್ಕರ್ಷಿಸಲಾರೆ. ದೊಡ್ಡಮಾವ ಅದರ ಮುಂದೆ ಮಣೆ ಹಾಕಿ ಕುಳಿತು, ಹೊಸ ಮ್ಯಾಂಟಲನ್ನು ಕಾಗದದ ಪೊಟ್ಟಣದಿಂದ ಎರಡು ಬೆರಳಿನಿಂದ ಎತ್ತಿ, ದಾರದಿಂದ ಬರ್ನರಿನ ಕಂಠಕ್ಕೆ ಬಿಗಿದು, ಬಟ್ಟಲಿಗೆ ಸ್ಪಿರಿಟ್ಟು ಹೊಯ್ದು ಕಡ್ಡಿ ಗೀರಿದಾಗ, ನೀಲಿಯುರಿ ಮೆಲ್ಲನೆ ಮೇಲೇರಿ ಆ ಬಟ್ಟೆಯ ಚೀಲವನ್ನು ಸುಟ್ಟು ಬೂದಿ ಮಾಡಿತು. ಬೂದಿಯಾಯಿತು, ಆದರೆ ಉದುರಲಿಲ್ಲ. ಚೀಲದ ಆಕಾರದಲ್ಲಿಯೇ, ಹೆಣಿಗೆಯ ಒಂದೊಂದು ಎಳೆಯೂ ಕಾಣುವಂತೆ, ಬಿಳುಪಾಗಿ ನಿಂತಿತು. “ಉಸಿರು ಬಿಡಬೇಡಿ” ಎಂದರು ಮಾವ. ನಾವು ಉಸಿರು ಬಿಗಿಹಿಡಿದೆವು. ಅವರು ಪಂಪು ಒತ್ತಿದರು. ಸೀಮೆಎಣ್ಣೆ ಹಬೆಯಾಗಿ ಸುಯ್ಯೆಂದು ಏರಿ, ಆ ಬೂದಿಗೆ ಬೆಂಕಿ ಹೊತ್ತಿ, ಜಗಲಿ, ಅಂಗಳ, ಅಂಗಳದಾಚೆಯ ತುಳಸಿಕಟ್ಟೆ, ಅದರಾಚೆ ತೋಟದ ಮೊದಲ ಸಾಲಿನ ಅಡಿಕೆ ಮರಗಳ ಕಾಂಡಗಳು ಒಂದೇ ಕ್ಷಣದಲ್ಲಿ ಎದ್ದು ಬಂದವು. ಮುಟ್ಟಿದರೆ ಪುಡಿಯಾಗುವ ಒಂದು ಚಿಟಿಕೆ ಬೂದಿ ಅಷ್ಟು ಬೆಳಕನ್ನು ಹಿಡಿದು ನಿಂತಿತೆಂಬುದನ್ನು ನನ್ನ ಬುದ್ಧಿ ಇಂದಿಗೂ ಪೂರ್ಣವಾಗಿ ಒಪ್ಪಿಕೊಂಡಿಲ್ಲ. ಆ ರಾತ್ರಿಯ ಪ್ರಸಂಗ ಕರ್ಣಪರ್ವ. ಕರ್ಣನ ರಥದ ಗಾಲಿ ಹೂಳುವ ಮೊದಲೇ ನನಗೆ ನಿದ್ದೆ ಬಂದಿತ್ತು.

ಪೆಟ್ರೋಮ್ಯಾಕ್ಸ್ ಆರಿದ ಮೇಲಿನ ಕತ್ತಲೆಯೇ ಬೇರೆ. ಆ ಅವಧಿಯ ಒಂದು ರಾತ್ರಿ, ಮಳೆ ಬಿಟ್ಟು ಹೊತ್ತಾಗಿತ್ತು, ತಾಯಿಯವರು ನಮ್ಮನ್ನು ಎಬ್ಬಿಸಿ ಅಂಗಳಕ್ಕೆ ಕರೆದೊಯ್ದರು. ತೋಟದ ಕೆಳಗಿನ ಹಳ್ಳದ ಉದ್ದಕ್ಕೂ ಮರಗಳಲ್ಲಿ ಮಿಂಚುಹುಳುಗಳು. ಒಂದೆರಡಲ್ಲ, ಒಂದು ಮರದ ಹುಳುಗಳೆಲ್ಲ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತಿದ್ದುವು. ಅದು ಆರಿದೊಡನೆ ಮುಂದಿನ ಮರ, ಅದರ ತರುವಾಯ ಅದರಾಚೆಯದು, ಹೀಗೆ ಬೆಳಕು ಹಳ್ಳದ ಗುಂಟ ಇಳಿದುಹೋಗಿ ಮತ್ತೆ ಮೊದಲಿನಿಂದ ಬರುತ್ತಿತ್ತು. ಗಂಡುಹುಳುಗಳು ಹೆಣ್ಣನ್ನು ಕರೆಯುವ ಸಂಜ್ಞೆ ಅದೆಂದೂ, ಮುಂಗಾರಿಗೆ ಮುಂಚಿನ ಕೆಲವೇ ವಾರಗಳು ಅದರ ಕಾಲವೆಂದೂ, ಸಮೀಪದಲ್ಲಿ ವಿದ್ಯುದ್ದೀಪ ಉರಿಯುತ್ತಿದ್ದರೆ ಆ ಸಂಜ್ಞೆ ಹುಳುಗಳಿಗೇ ಕಾಣದೆ ಹೋಗುತ್ತದೆಂದೂ ಆಮೇಲೆ ಓದಿ ತಿಳಿದುಕೊಂಡೆ. ನಿಮ್ಮ ಫಲಕಗಳಲ್ಲಿ ಜಲಪಾತ, ಟ್ರೆಕ್ಕಿಂಗು, ಕ್ಯಾಂಪ್‌ಫೈರುಗಳ ಪಟ್ಟಿಯಿದೆ. ನಿಮ್ಮದೇ ಹಳ್ಳದಲ್ಲಿ ಮೇ ತಿಂಗಳು ನಡೆಯುವ ಈ ಉತ್ಸವ, ಅಂಗಳದಲ್ಲಿ ನೀವು ಇರುಳಿಡೀ ಉರಿಸುವ ದೀಪಗಳ ದೆಸೆಯಿಂದ, ಆ ಪಟ್ಟಿಗೆ ಸೇರುವ ಯೋಗ ಪಡೆದಿಲ್ಲ.

ಅಜ್ಜನ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ವೃದ್ಧೆಯನ್ನು ಇಲ್ಲಿ ನೆನೆಯಬೇಕು. ಆಕೆ ಶರಾವತಿಯ ಮುಳುಗಡೆಯವಳು. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗ ಗದ್ದೆ, ಮನೆ, ದೈವದ ಬನ, ಎಲ್ಲವನ್ನೂ ಬಿಟ್ಟು ಮಕ್ಕಳೊಡನೆ ಎದ್ದು ಬಂದವಳು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಒಮ್ಮೆ ಹೋಗಿ ಕೆಸರಿನಲ್ಲಿ ತನ್ನ ಗದ್ದೆಯ ಬದುವನ್ನು ಗುರುತಿಸಿ ನೋಡಿ ಬರುತ್ತಿದ್ದಳಂತೆ. ಕರೆಂಟು ಹೋದ ಮೂರನೆಯದೋ ನಾಲ್ಕನೆಯದೋ ದಿನ ನಾವು ಆಕೆಯೆದುರಿಗೆ ಗೊಣಗಿದೆವು. ಆಕೆ ಕೊಟ್ಟ ಉತ್ತರದಲ್ಲಿ ವ್ಯಂಗ್ಯವಿರಲಿಲ್ಲ, ವರದಿ ಮಾತ್ರ ಇತ್ತು: “ನಮ್ಮನಿಗೆ ಅದು ಬಂದೇ ಇಲ್ಲ ಮಗ, ಹೋಗೂದೆಂಗೆ?” ಆಕೆಯ ಊರು ಯಾವ ನೀರಿನಲ್ಲಿತ್ತೋ ಆ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಸಿಗಂದೂರಿಗೆ ಹೋಗುತ್ತಿದ್ದ ಜನ 2025ರ ಜುಲೈಯಿಂದ ಸೇತುವೆಯ ಮೇಲೆ ಕಾರಿನಲ್ಲಿ ದಾಟುತ್ತಿದ್ದಾರೆ, ದಾಟಿದವರಲ್ಲಿ ಎಷ್ಟೋ ಮಂದಿ ನಿಮ್ಮ ಅತಿಥಿಗಳು.

ವಿದ್ಯುಚ್ಛಕ್ತಿಯ ಚರಿತ್ರೆ ನಮ್ಮ ನಾಡಿನಲ್ಲಿ ಆರಂಭದಿಂದಲೂ ಹೀಗೆಯೇ, ಹತ್ತಿರದವರನ್ನು ಬಿಟ್ಟು ದೂರದವರಿಗೆ ಬೆಳಕಾಗುತ್ತ, ನಡೆದುಬಂದಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಲ್ಲಿ ಹುಟ್ಟಿದ ಶಕ್ತಿ ನಡುವಣ ಹಳ್ಳಿಗಳ ತಲೆಯ ಮೇಲೆ ಸುಮಾರು 92 ಮೈಲಿ ದೂರ ತಂತಿಯಲ್ಲಿ ಪಯಣಿಸಿ ಕೋಲಾರದ ಚಿನ್ನದ ಗಣಿಯನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪವಾಯಿತು. ಶರಾವತಿಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿ, ಜೋಗದ ಬುಡದ ವಿದ್ಯುದಾಗಾರವನ್ನು 1948ರಲ್ಲಿ ನಾಡಿಗೆ ಅರ್ಪಿಸಿ, ಮರುವರ್ಷ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರನ್ನಿಟ್ಟರು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಜನರ ಮನೆಗಳೊಡನೆ ಆ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ಬಹಳ ಇಳಿದ ವರ್ಷಗಳಲ್ಲಿ ಅದರ ಕಲ್ಲುಕಟ್ಟಡ ಇಂದಿಗೂ ಹೊರಗೆ ಕಾಣುತ್ತದೆ. ನಮ್ಮ ಅಜ್ಜನ ಊರಿನ ಗುಡ್ಡದ ಮೇಲೆ ದೊಡ್ಡ ದೊಡ್ಡ ಉಕ್ಕಿನ ಗೋಪುರಗಳು ಹಾದುಹೋಗಿದ್ದುವು. ಆ ವಾರವೆಲ್ಲ ಅವುಗಳ ತಂತಿಗಳು ಒದ್ದೆಗಾಳಿಯಲ್ಲಿ ಸಿಮಿಸಿಮಿಗುಟ್ಟುತ್ತಲೇ ಇದ್ದುವು. ಬೆಂಗಳೂರಿನಲ್ಲಿ ನಮ್ಮ ತಂದೆಯವರು ಆ ವಿದ್ಯುತ್ತಿನ ಬೆಳಕಿನಲ್ಲಿ ಪತ್ರಿಕೆ ಓದುತ್ತಿದ್ದರು, ಕೆಳಗೆ ನಾವು ಲಾಟೀನಿಗೆ ಎಣ್ಣೆ ಹೊಯ್ಯುತ್ತಿದ್ದೆವು.

ರಾಯಚೂರಿನ ಕಲ್ಲಿದ್ದಲ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಗುವವರೆಗೆ ಕರ್ನಾಟಕದ ದೀಪಗಳೆಲ್ಲ ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡಿದ್ದುದರಿಂದ, ಮಳೆ ಕೈಕೊಟ್ಟ ವರ್ಷ ನಾಡಿಗೆಲ್ಲ ವಿದ್ಯುತ್ ಕಡಿತ ಬರುತ್ತಿತ್ತು. ಮಲೆನಾಡಿಗೆ ಇದರ ಮೇಲೆ ಇನ್ನೊಂದು ಸೌಭಾಗ್ಯವಿತ್ತು. ಮಳೆ ಬಾರದಿದ್ದರೆ ಅಣೆಕಟ್ಟಿನಲ್ಲಿ ನೀರಿಲ್ಲವೆಂದು ಕರೆಂಟಿಲ್ಲ. ಮಳೆ ಬಂದರೆ ತಂತಿಯ ಮೇಲೆ ಮರ ಬಿತ್ತೆಂದು ಕರೆಂಟಿಲ್ಲ. ಎರಡನೆಯದು ಈಗಲೂ ಹಾಗೆಯೇ ಇದೆಯೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಇನ್ನು ಲೈನ್‌ಮನ್‌ನ ಮಾತು. ಈ ಪತ್ರದ ಅರ್ಧ ಅವನಿಗಾಗಿ ಬರೆದುದು.

ಹುಣ್ಣಿಮೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಬಂದ. ಖಾಕಿ ಚಡ್ಡಿ, ತಲೆಗೆ ಕಂಬಳಿ ಕೊಪ್ಪೆ, ಹೆಗಲಿಗೆ ಹಗ್ಗದ ಸುರುಳಿ, ಸೊಂಟದ ಚರ್ಮದ ಪಟ್ಟಿಯಲ್ಲಿ ಕಟಿಂಗ್ ಪ್ಲೇಯರು. ಅವನ ಹಿಂದೆ ಒಬ್ಬ ಹುಡುಗ ಒಣಬಿದಿರಿನ ಉದ್ದನೆಯ ಗಳ ಹೊತ್ತಿದ್ದ. ಸಾಗರದ ಕಡೆಯಿಂದ ತಂತಿಯ ಜಾಡು ಹಿಡಿದು ಕಾಡಿನೊಳಗೆ ನಡೆಯುತ್ತ, ಎಲ್ಲೆಲ್ಲಿ ಕೊಂಬೆ ಬಿದ್ದಿದೆಯೋ ಅಲ್ಲಲ್ಲಿ ಕಡಿದು, ಎಲ್ಲೆಲ್ಲಿ ಸಿಡಿಲಿಗೆ ಪಿಂಗಾಣಿಯ ಬಟ್ಟಲು ಒಡೆದಿದೆಯೋ ಅಲ್ಲಲ್ಲಿ ಬದಲಿಸಿ, ಊರಿಂದೂರಿಗೆ ಬೆಳಕನ್ನು ಬಿಟ್ಟುಕೊಂಡು ಬರುತ್ತಿದ್ದವನಿಗೆ ನಮ್ಮದು ಕಡೆಯ ಊರು. ಜಗಲಿಯ ಮೆಟ್ಟಿಲ ಮೇಲೆ ಕುಳಿತು ಮೊದಲು ಕಾಲು ನೋಡಿಕೊಂಡ. ಮಂಡಿಯಿಂದ ಕೆಳಗೆ ಉಂಬಳಗಳು ಕಚ್ಚಿಕೊಂಡಿದ್ದುವು. ಅಜ್ಜಿ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಕರಡಿಗೆಯನ್ನು ಕೊಟ್ಟಳು. ಅವನು ಬೆರಳ ತುದಿಯಲ್ಲಿ ಸುಣ್ಣ ತೆಗೆದು ಒಂದೊಂದಕ್ಕೂ ಮುಟ್ಟಿಸುತ್ತ, ಅವು ಸುರುಟಿ ಬೀಳುತ್ತಿರಲು, ಹರಿವ ರಕ್ತವನ್ನು ಒರೆಸಿಕೊಳ್ಳುವ ಗೊಡವೆಗೂ ಹೋಗದೆ ಕಾಫಿ ಕುಡಿದ.

ಕಂಬ ಹತ್ತುವ ಮುಂಚೆ ಅವನು ಮಾಡಿದ ಕೆಲಸಗಳನ್ನು ನಾನು ಬೇಲಿಯ ಬಳಿ ನಿಂತು ನೋಡಿದೆ, ಆಗ ಅರ್ಥವಾಗಲಿಲ್ಲ. ಮೊದಲು ಲೈನಿನ ಸ್ವಿಚ್ಚನ್ನು ಕೆಳಗೆಳೆದು ಬೀಗ ಹಾಕಿ, ಬೀಗದ ಕೈಯನ್ನು ಯಾರಿಗೂ ಕೊಡದೆ ಜೇಬಿಗೆ ಹಾಕಿಕೊಂಡ. ಆಮೇಲೆ ಒದ್ದೆನೆಲದಲ್ಲಿ ಕಬ್ಬಿಣದ ಸಲಾಕೆಯೊಂದನ್ನು ಗುದ್ದಿ, ಅದಕ್ಕೆ ಕಟ್ಟಿದ ತಂತಿಯ ಇನ್ನೊಂದು ತುದಿಯನ್ನು ಗಳದಿಂದ ಎತ್ತಿ ಮೇಲಿನ ಮೂರು ತಂತಿಗಳಿಗೂ ತಗುಲಿಸಿದ. ಅಷ್ಟಾದ ಮೇಲೆ ಕಂಬಕ್ಕೆ ಕೈಮುಗಿದು ಹತ್ತಿದ. ಕೈಮುಗಿದುದು ಮಾತ್ರ ಆಗ ನನಗೆ ಅರ್ಥವಾದ ಭಾಗ. ಉಳಿದುದರ ಅರ್ಥ ಇದು: ಸತ್ತಿದೆಯೆಂದು ನಂಬಿದ ತಂತಿಗೆ ಎಲ್ಲಿಂದಲಾದರೂ ಜೀವ ಬಂದರೆ, ಆ ಶಕ್ತಿ ಅವನ ಮೈಯ ಮೂಲಕ ಹೋಗದೆ ನೆಲಕ್ಕೆ ಇಳಿದುಹೋಗಬೇಕು. ಸಂಜೆ ಬಲ್ಬು ಹೊತ್ತಿತು. ನಾವು ಮಕ್ಕಳು, ನಿಜವನ್ನೇ ಹೇಳುತ್ತೇನೆ, “ಅಯ್ಯೋ” ಎಂದೆವು.

ಈ ಹಂತದಲ್ಲಿ ನಿಮ್ಮಲ್ಲಿ ಯಾರಾದರೂ, ಇವನು ನಮ್ಮನ್ನು ಲಾಟೀನಿನ ಕಾಲಕ್ಕೆ ಹಿಂದಿರುಗೆನ್ನುತ್ತಿದ್ದಾನೆಂದು ಭಾವಿಸುವ ಸಂಭವವಿದೆ. ಹಾಗಲ್ಲ. ಅಜ್ಜನ ಮನೆಯಲ್ಲಿ ಕರೆಂಟು ಹೋದಾಗ ಹೋದದ್ದು ನಾಲ್ಕು ಬಲ್ಬಿನ ಬೆಳಕು ಮಾತ್ರ. ನೀರು ಅಬ್ಬಿಯಿಂದ ತಾನಾಗಿ ಬರುತ್ತಿತ್ತು, ಬಚ್ಚಲಿನ ಹಂಡೆಗೆ ಸೌದೆ, ಒಲೆಗೂ ಸೌದೆ, ರೇಡಿಯೋಗೆ ಬ್ಯಾಟರಿ. ಇಂದು ಕರೆಂಟು ಹೋದರೆ ಬೋರ್‌ವೆಲ್ಲಿನ ಪಂಪು ನಿಲ್ಲುತ್ತದೆ, ಫ್ರಿಜ್ಜಿನ ಹಾಲು ಒಡೆಯುತ್ತದೆ, ಮೊಬೈಲ್ ಟವರಿನ ಬ್ಯಾಟರಿ ಮುಗಿದ ಮೇಲೆ ವೈದ್ಯರನ್ನು ಕರೆಯುವ ದಾರಿಯೂ ಮುಚ್ಚುತ್ತದೆ. ಅಂದಿನ ಕತ್ತಲೆ ನಮಗೆ ಹಬ್ಬವಾದದ್ದು ನಾವು ಅದಕ್ಕೆ ತೆತ್ತ ಬೆಲೆ ಅಲ್ಪವಾಗಿದ್ದುದರಿಂದ. ಹೊಗೆಯಲ್ಲಿ ಅಡಿಗೆ ಮಾಡಿದ ಅಜ್ಜಿಗೂ, ದೀಪವೇ ಇಲ್ಲದ ಮನೆಗೆ ಕತ್ತಲೆಯಲ್ಲಿ ನಡೆದುಹೋಗುತ್ತಿದ್ದ ಆ ವೃದ್ಧೆಗೂ ಹಬ್ಬವಾಗಿತ್ತೆಂದು ನಾನು ಪ್ರಮಾಣ ಮಾಡಲಾರೆ. ಜನರೇಟರು ಇಡುವುದು ನಿಮಗೆ ಅವಶ್ಯ. ಇಡಿರಿ.

ನನ್ನ ಅರಿಕೆಗಳು ಎರಡು. ಮೊದಲನೆಯದು ಸಣ್ಣದು, ಒಲ್ಲೆನೆಂದರೂ ಬಾಧಕವಿಲ್ಲ. ರಾತ್ರಿ ಕರೆಂಟು ಹೋದಾಗ, ಕಾಯಿಲೆಯವರೋ ಹಸುಗೂಸೋ ಇಲ್ಲವಾದರೆ, ಕೂಡಲೇ ಯಂತ್ರವನ್ನು ಚಾಲೂ ಮಾಡದೆ ಒಂದು ಗಂಟೆ ತಡೆಯಿರಿ. ಲಾಟೀನು ಹಚ್ಚಿ ಜಗಲಿಯಲ್ಲಿಡಿರಿ; ಗಾಜನ್ನು ಉಜ್ಜುವ ಕೆಲಸವನ್ನು ಅತಿಥಿಗಳ ಮಕ್ಕಳಿಗೆ ಕೊಡಿರಿ, ಅವರು ಅದಕ್ಕೆ ಹಣ ಕೊಡಲೂ ಸಿದ್ಧರಿರುತ್ತಾರೆ. ಮೇ ತಿಂಗಳಾಗಿದ್ದರೆ ಅವರನ್ನು ಹಳ್ಳದ ದಂಡೆಗೆ ಕರೆದೊಯ್ಯಿರಿ. ಯಾರೂ ನಿಮ್ಮ ಬಗ್ಗೆ ದೂರು ಬರೆಯಲಾರರೆಂದು ನನ್ನ ನಂಬಿಕೆ. ಒಬ್ಬಿಬ್ಬರು ಬರೆದರೆ ಆ ಅಪಕೀರ್ತಿಯನ್ನು ನನ್ನ ಹೆಸರಿಗೆ ಹಾಕಿರಿ.

ಎರಡನೆಯದು ಹಾಗಲ್ಲ. ಕಳೆದ ಬೇಸಗೆಯ ಆ ರಾತ್ರಿಯ ಮರುದಿನ, ತಂತಿ ಸರಿಮಾಡಲು ಬಂದ ತರುಣನೊಬ್ಬನೊಡನೆ ಮಾತನಾಡಿದೆ. ಅವನಿಗೀಗ ಪವರ್‌ಮ್ಯಾನ್ ಎಂದು ಹೆಸರು, ತಲೆಗೆ ಹೆಲ್ಮೆಟ್ಟು, ಕೈಗೆ ರಬ್ಬರಿನ ಗವಸು. ಉಂಬಳ ಮಾತ್ರ ಹಳೆಯವೇ. ಕಂಬದ ಬುಡದಲ್ಲಿ ಅವನು ಸ್ವಲ್ಪ ಹೊತ್ತು ಸುಮ್ಮನೆ ಕಿವಿಗೊಟ್ಟು ನಿಂತಿದ್ದನು. ಏನನ್ನು ಕೇಳುತ್ತೀಯೆಂದೆ. “ಜನರೇಟರ್ ಎಲ್ಲೆಲ್ಲಿ ಓಡ್ತಾ ಇದೆ ಅಂತ ಸಾರ್. ಸಿಡಿಲಿಗಿಂತ ಅದಕ್ಕೆ ಹೆದರಿಕೆ” ಎಂದನು.

ಅವನ ಹೆದರಿಕೆಯ ಕಾರಣವನ್ನು, ಬಲ್ಲವರು ಕ್ಷಮಿಸುವರೆಂದು, ವಿವರಿಸುತ್ತೇನೆ. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಮನೆಗೆ ತಕ್ಕ 230 ವೋಲ್ಟಾಗಿ ಇಳಿಸುತ್ತದೆ. ಆದರೆ ಅದಕ್ಕೆ ದಿಕ್ಕಿನ ಭೇದವಿಲ್ಲ. ಮನೆಯ ಕಡೆಯಿಂದ 230 ವೋಲ್ಟನ್ನು ಕೊಟ್ಟರೆ ಅದೇ ಪ್ರಮಾಣದಲ್ಲಿ ಏರಿಸಿ ಮೇಲಿನ ತಂತಿಗೆ 11,000 ವೋಲ್ಟನ್ನು ಕಳಿಸುತ್ತದೆ. ನಿಮ್ಮ ಜನರೇಟರಿನ ವೈರನ್ನು ಮನೆಯ ವೈರಿಂಗಿಗೆ ನೇರವಾಗಿ, ಒಂದು ಪ್ಲಗ್ಗಿನ ಮೂಲಕವೋ ಮೇನ್ ಸ್ವಿಚ್ಚಿನ ಬಳಿಯೋ ಜೋಡಿಸಿದ್ದು, ಅವಸರದಲ್ಲಿ ಮೇನನ್ನು ಆರಿಸಲು ಮರೆತರೆ, ಆ ಶಕ್ತಿ ನಿಮ್ಮ ಬಲ್ಬುಗಳಿಗೆ ಮಾತ್ರವಲ್ಲದೆ ಹಿಮ್ಮುಖವಾಗಿ ಕಂಬದ ಕಡೆಗೂ ಹರಿಯುತ್ತದೆ. ವಿದ್ಯುತ್ ಸ್ಟೇಷನ್ನಿನಲ್ಲಿ ಲೈನ್ ಕ್ಲಿಯರ್, ಅಂದರೆ ತಂತಿಯ ಮೇಲೆ ಕೆಲಸ ಮಾಡುವ ಅನುಮತಿ, ಪಡೆದು, ಸ್ವಿಚ್ಚಿಗೆ ಬೀಗ ಹಾಕಿ, ತಂತಿ ಸತ್ತಿದೆಯೆಂಬ ಭರವಸೆಯಿಂದ ಕತ್ತಲೆಯಲ್ಲಿ ಕಂಬದ ಮೇಲಿರುವವನಿಗೆ ನಿಮ್ಮ ಮನೆಯಿಂದ ಸಾವು ಹೋಗಬಹುದು. ನಿಮಗೆ ಅದು ತಿಳಿಯುವುದೂ ಇಲ್ಲ. ಭೂಸಂಪರ್ಕದ ಸಲಾಕೆ ಅವನನ್ನು ಕಾಯುತ್ತದೆ, ನಿಜ. ಆದರೆ ಸುತ್ತಲಿನ ಹತ್ತು ಊರುಗಳಿಂದ ಫೋನಿನ ಮೇಲೆ ಫೋನು ಬಂದು, ಹೊಯ್ಯುವ ಮಳೆಯಲ್ಲಿ ಅವಸರಕ್ಕೆ ಸಿಕ್ಕಿದ ಮನುಷ್ಯ ಆ ಒಂದು ಕ್ರಮವನ್ನು ಬಿಟ್ಟರೆ, ಅದಕ್ಕೆ ಶಿಕ್ಷೆ ಪ್ರಾಣವೇ ಆಗಬೇಕೆ?

ಇದಕ್ಕೆ ಪರಿಹಾರ ಚೇಂಜ್‌ಓವರ್ ಸ್ವಿಚ್ಚು. ಅದರ ಹಿಡಿಕೆ ಒಂದು ಕಡೆಗಿದ್ದರೆ ಕಂಬದ ಕರೆಂಟು, ಇನ್ನೊಂದು ಕಡೆಗಿದ್ದರೆ ಜನರೇಟರು. ಎರಡೂ ಏಕಕಾಲಕ್ಕೆ ಸೇರುವಂತಿಲ್ಲ, ಮರೆವಿಗೆ ಅಲ್ಲಿ ಜಾಗವಿಲ್ಲ. ನ್ಯೂಟ್ರಲ್ ತಂತಿಯನ್ನೂ ಕೂಡಿಯೇ ಬೇರ್ಪಡಿಸುವಂಥದನ್ನು ಹಾಕಿಸಬೇಕು. ಅದರ ಖರ್ಚು ನಿಮ್ಮ ಫಲಕದ ಮೇಲಿನ ಬಣ್ಣಬಣ್ಣದ ದೀಪಗಳಿಗೆ ಮಾಡಿದ್ದಕ್ಕಿಂತ ದೊಡ್ಡದಾಗದು. ನಿಮ್ಮಲ್ಲಿ ಅನೇಕರು ಇದನ್ನು ಈಗಾಗಲೇ ಮಾಡಿಸಿರುವಿರೆಂದು ಬಲ್ಲೆ; ಅವರು ನೆರೆಯವರ ಹಿತ್ತಿಲನ್ನೂ ಒಮ್ಮೆ ನೋಡಿ ಬರಲಿ.

ರೋಹಿಣಿ ಕಳೆದು ಮೃಗಶಿರಾ ಹಿಡಿಯಿತೆಂದರೆ ಮರಗಳು ಬೀಳತೊಡಗುತ್ತವೆ. ಚೇಂಜ್‌ಓವರ್ ಸ್ವಿಚ್ಚಿಲ್ಲದ ಜನರೇಟರು ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಮೊದಲೇ ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಾಕಿಸಿರಿ. ಹಾಕಿಸುವವರೆಗೆ ಆ ಯಂತ್ರವನ್ನು ಮುಟ್ಟಬೇಡಿರಿ.

ಇತಿ,
ನಿಮ್ಮ ಹಳೆಯ ಅತಿಥಿ